ಮಕ್ಕಳ ರಜೆಗೆ ಮರುಭೂಮಿ: ಮರಳಿನ ನಾಡಿನಲ್ಲಿ ನೀರಿನ ಪಾಠ

ಮರುಭೂಮಿ ಎಂದೊಡನೆ ಕಣ್ಣಮುಂದೆ ನಿಲ್ಲುವ ಚಿತ್ರ ಒಂದೇ. ಮರಳಿನ ದಿಬ್ಬಗಳ ಸಾಲು, ಮೇಲೆ ಉರಿಯುವ ಸೂರ್ಯ, ನಡುವೆ ಒಂಟಿಯಾಗಿ ನಡೆಯುವ ಒಂಟೆ. ಸಿನಿಮಾ, ಕ್ಯಾಲೆಂಡರು, ಪಠ್ಯಪುಸ್ತಕಗಳೆಲ್ಲ ಸೇರಿ ಬಿಡಿಸಿಕೊಟ್ಟ ಚಿತ್ರವಿದು. ಇದನ್ನೇ ನಂಬಿ, ಡಿಸೆಂಬರ್ ಕೊನೆಯಲ್ಲಿ ತೆಳುವಾದ ಹತ್ತಿ ಬಟ್ಟೆ ತುಂಬಿಕೊಂಡು ಜೈಸಲ್ಮೇರಿಗೆ ಹೊರಟ ಕುಟುಂಬ ಮೊದಲ ರಾತ್ರಿಯೇ ರಗ್ಗು ಹುಡುಕಬೇಕಾಗುತ್ತದೆ. ಮರುದಿನ ಬೆಳಿಗ್ಗೆ ಕಣ್ಣಿಗೆ ಬೀಳುವುದೂ ಮರಳಲ್ಲ. ಊರಿನ ಸುತ್ತ ಹರಡಿರುವುದು ಕಲ್ಲುಬಯಲು, ಕುರುಚಲು ಗಿಡ, ಅಲ್ಲಲ್ಲಿ ಮೇಕೆಯ ಹಿಂಡು. ಮರಳಿನ ದಿಬ್ಬ ನೋಡಲು ಅಲ್ಲಿಂದ ಇನ್ನೂ ನಲವತ್ತು ಕಿಲೋಮೀಟರ್ ಹೋಗಬೇಕು.

ಥಾರ್ ಮರುಭೂಮಿ ಜಗತ್ತಿನ ಮರುಭೂಮಿಗಳಲ್ಲೇ ಅತಿ ಹೆಚ್ಚು ಜನವಸತಿ ಇರುವವುಗಳಲ್ಲಿ ಒಂದು. ಜೈಸಲ್ಮೇರ್ ಪ್ರದೇಶದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 200 ಮಿಲಿಮೀಟರ್. ನಮ್ಮ ಆಗುಂಬೆಯಲ್ಲಿ ಜೋರು ಮಳೆಗಾಲದ ಒಂದೇ ದಿನ ಇಷ್ಟು ಸುರಿಯುವುದುಂಟು. ಇಂಥ ನೆಲದಲ್ಲಿ ಜನ ಎಂಟು ಶತಮಾನಗಳಿಂದ ಊರು ಕಟ್ಟಿಕೊಂಡು, ಬೇಸಾಯ ಮಾಡಿ, ವ್ಯಾಪಾರ ನಡೆಸಿ, ಹಾಡಿಕೊಂಡು ಬದುಕಿದ್ದು ಹೇಗೆ? ಮಕ್ಕಳನ್ನು ಕರೆದುಕೊಂಡು ಹೋಗುವ ಪ್ರವಾಸವನ್ನು ಈ ಒಂದು ಪ್ರಶ್ನೆಯ ಸುತ್ತ ಹೆಣೆದರೆ ನೋಡಬೇಕಾದ ಸ್ಥಳಗಳು ತಾವಾಗಿಯೇ ಸಾಲುಗಟ್ಟುತ್ತವೆ.

ಯಾವಾಗ, ಹೇಗೆ?

ನಮ್ಮ ರಾಜ್ಯದ ಶಾಲೆಗಳಿಗೆ ದಸರೆ ಮತ್ತು ಬೇಸಿಗೆಯ ರಜೆಗಳೇ ದೊಡ್ಡವು. ಆದರೆ ಬೇಸಿಗೆಯಲ್ಲಿ ಥಾರ್ ಪ್ರದೇಶದ ಉಷ್ಣಾಂಶ 45 ಡಿಗ್ರಿ ದಾಟುತ್ತದೆ. ಅಕ್ಟೋಬರಿನಲ್ಲೂ ಹಗಲಿನ ಬಿಸಿಲು ಮಕ್ಕಳಿಗೆ ಹಿತವಲ್ಲ. ಕೇಂದ್ರೀಯ ವಿದ್ಯಾಲಯಗಳಿಗೂ ಹಲವು ಖಾಸಗಿ ಶಾಲೆಗಳಿಗೂ ಸಿಗುವ ಡಿಸೆಂಬರ್ ಕೊನೆಯ ರಜೆ ಇದಕ್ಕೆ ಸರಿಯಾದ ಕಾಲ. ಆಗ ಹಗಲು ನಮ್ಮ ಬೆಂಗಳೂರಿನಂತೆಯೇ ಹಿತ. ರಾತ್ರಿ ಮಾತ್ರ ಉಷ್ಣಾಂಶ ಏಳೆಂಟು ಡಿಗ್ರಿಗೆ, ಕೆಲವೊಮ್ಮೆ ಅದಕ್ಕೂ ಕೆಳಗೆ ಇಳಿಯುತ್ತದೆ.

ಹಗಲು ಬೆಚ್ಚಗಿದ್ದ ನೆಲ ರಾತ್ರಿ ಇಷ್ಟು ತಣ್ಣಗಾಗುವುದೇಕೆ? ಗಾಳಿಯಲ್ಲಿರುವ ತೇವ ಮತ್ತು ಮೋಡಗಳು ಭೂಮಿಗೆ ಹೊದಿಕೆಯಂತೆ ಕೆಲಸ ಮಾಡುತ್ತವೆ. ನೆಲ ಬಿಟ್ಟುಕೊಡುವ ಶಾಖವನ್ನು ತಡೆದು ಹಿಡಿಯುತ್ತವೆ. ಮರುಭೂಮಿಯ ಒಣ ಗಾಳಿಗೆ ಈ ಹೊದಿಕೆ ಇಲ್ಲ. ಮರಳು ಬೇಗ ಕಾಯುತ್ತದೆ, ಅಷ್ಟೇ ಬೇಗ ಆರುತ್ತದೆ. ಆದ್ದರಿಂದ ಉಣ್ಣೆಯ ಟೋಪಿ, ಸ್ವೆಟರು, ಕಾಲುಚೀಲ ಬೇಕೇ ಬೇಕು. ಒಣ ಹವೆಗೆ ತುಟಿ, ಹಿಮ್ಮಡಿ ಒಡೆಯುತ್ತವೆ. ಕೊಬ್ಬರಿ ಎಣ್ಣೆಯನ್ನು ನಂಬಿಕೊಂಡು ಹೋದರೆ ಅದು ಬಾಟಲಿಯಲ್ಲೇ ಗಟ್ಟಿಯಾಗಿರುತ್ತದೆ. ಒಂದು ಡಬ್ಬಿ ವ್ಯಾಸಲೀನ್ ಇಟ್ಟುಕೊಳ್ಳುವುದು ಮೇಲು. ಚಳಿಯಲ್ಲಿ ಬಾಯಾರಿಕೆ ತಿಳಿಯದ ಕಾರಣ ಮಕ್ಕಳಿಗೆ ಆಗಾಗ ನೆನಪಿಸಿ ನೀರು ಕುಡಿಸಬೇಕು.

ಬೆಂಗಳೂರಿನಿಂದ ಹುಬ್ಬಳ್ಳಿ ಮಾರ್ಗವಾಗಿ ಜೋಧಪುರಕ್ಕೆ ನೇರ ರೈಲು ಇದೆ. ನಮ್ಮ ಪೇಟೆಗಳಲ್ಲಿ ತಲೆಮಾರುಗಳಿಂದ ಅಂಗಡಿ ಇಟ್ಟಿರುವ ರಾಜಸ್ಥಾನಿ ಕುಟುಂಬಗಳು ಊರಿಗೆ ಹೋಗಿಬರುವುದು ಇಂಥ ರೈಲುಗಳಲ್ಲೇ. ರೈಲಿನಲ್ಲಿ ಎರಡು ರಾತ್ರಿ ಕಳೆಯುತ್ತವೆ. 2024ರ ನವೆಂಬರ್‌ನಿಂದ ಮುಂಗಡ ಟಿಕೆಟ್ ಕಾಯ್ದಿರಿಸುವ ಅವಧಿಯನ್ನು 120 ದಿನದಿಂದ 60 ದಿನಕ್ಕೆ ಇಳಿಸಲಾಗಿದೆ. ಹಾಗಾಗಿ ಡಿಸೆಂಬರ್ ಪ್ರಯಾಣಕ್ಕೆ ಅಕ್ಟೋಬರ್ ಕೊನೆಯಲ್ಲೇ ಸಿದ್ಧರಾಗಿರಬೇಕು. ದೆಹಲಿಯ ಮೂಲಕ ಹೋಗುವವರು ಮಂಜಿನಿಂದ ರೈಲು ತಡವಾಗುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹತ್ತು ದಿನದ ರಜೆಯಲ್ಲಿ ನಾಲ್ಕು ದಿನ ಪ್ರಯಾಣಕ್ಕೇ ಹೋದರೆ ಉಳಿಯುವುದು ಆರು. ಜೈಪುರ, ಉದಯಪುರಗಳನ್ನೂ ಇದರಲ್ಲೇ ತುರುಕುವ ಆಸೆ ಬಿಟ್ಟು, ಜೋಧಪುರಕ್ಕೆ ಎರಡು ದಿನ, ಜೈಸಲ್ಮೇರಿಗೆ ಮೂರು ದಿನ ಕೊಟ್ಟರೆ ಸಾಕು. ಎರಡರ ನಡುವಿನ ಅಂತರ ಸುಮಾರು 280 ಕಿಲೋಮೀಟರ್. ಅದಕ್ಕೇ ಒಂದು ದಿನದ ಬಹುಭಾಗ ಬೇಕು.

ಬನ್ನಿ ಮರದ ನಾಡು

ಜೋಧಪುರದಲ್ಲಿ ಎಲ್ಲರೂ ನೋಡುವುದು 1459ರಲ್ಲಿ ರಾವ್ ಜೋಧಾ ಕಟ್ಟಲು ತೊಡಗಿದ ಮೆಹರಾನ್‌ಗಢ ಕೋಟೆಯನ್ನು. ಅದನ್ನು ನೋಡಿದ ಮೇಲೆ ಅರ್ಧ ದಿನ ಬಿಡುವು ಮಾಡಿಕೊಂಡು, ನಗರಕ್ಕೆ ಸುಮಾರು 25 ಕಿಲೋಮೀಟರ್ ದೂರದ ಖೇಜಡಲಿ ಎಂಬ ಹಳ್ಳಿಗೆ ಹೋಗಬೇಕು. ಖೇಜಡಿ ಎಂಬುದು ಅಲ್ಲಿನ ಒಂದು ಮರದ ಹೆಸರು. ಊರಿಗೂ ಅದೇ ಹೆಸರು ಬಂದಿದೆ. ಕನ್ನಡಿಗರಿಗೆ ಈ ಮರ ಅಪರಿಚಿತವಲ್ಲ. ನಾವು ವಿಜಯದಶಮಿಯಂದು ಪೂಜಿಸಿ, ಎಲೆ ಹಂಚಿಕೊಳ್ಳುವ ಬನ್ನಿ ಅಥವಾ ಶಮೀವೃಕ್ಷ ಇದೇ.

1730ರಲ್ಲಿ ಜೋಧಪುರದ ಮಹಾರಾಜ ಅಭಯಸಿಂಹನ ಕಡೆಯವರು ಕಟ್ಟಡದ ಸುಣ್ಣದ ಗೂಡಿಗೆ ಸೌದೆ ಬೇಕೆಂದು ಇಲ್ಲಿನ ಮರಗಳನ್ನು ಕಡಿಯಲು ಬಂದರು. ಬಿಷ್ಣೋಯಿ ಪಂಥದ ಅಮೃತಾದೇವಿ ಎಂಬ ಹೆಂಗಸು ಮರವನ್ನು ತಬ್ಬಿ ನಿಂತಳು, ಕೊಡಲಿಗೆ ಬಲಿಯಾದಳು. ಆಕೆಯ ಹಿಂದೆ ಒಬ್ಬೊಬ್ಬರಾಗಿ ಒಟ್ಟು 363 ಮಂದಿ ಪ್ರಾಣ ಕೊಟ್ಟರೆಂದು ಬಿಷ್ಣೋಯಿಗಳು ಸ್ಮರಿಸುತ್ತಾರೆ. ಹಿಮಾಲಯದ ಚಿಪ್ಕೋ ಚಳವಳಿ ಹುಟ್ಟಿದ್ದು 1973ರಲ್ಲಿ. ಅದಕ್ಕೂ ಇನ್ನೂರನಲವತ್ತಕ್ಕೂ ಹೆಚ್ಚು ವರ್ಷ ಹಿಂದಿನ ಮಾತಿದು.

ಮರಕ್ಕಾಗಿ ಜೀವ ಕೊಟ್ಟದ್ದು ಕೇವಲ ಭಾವುಕತೆಯಿಂದಲ್ಲ. ಬನ್ನಿಯ ಬೇರು ಬಹು ಆಳಕ್ಕೆ ಇಳಿದು ನೀರು ಹುಡುಕುತ್ತದೆ. ಬರಗಾಲದಲ್ಲೂ ಅದರ ಎಲೆ ದನಕರುಗಳಿಗೆ ಮೇವು, ಕಾಯಿ ಮನುಷ್ಯರಿಗೆ ಆಹಾರ. ಆ ಕಾಯಿಯ ಹೆಸರು ಸಾಂಗರಿ. ಕೇರ್ ಎಂಬ ಮುಳ್ಳುಗಿಡದ ಕಾಯಿಯೊಡನೆ ಅದನ್ನು ಒಣಗಿಸಿಟ್ಟು ವರ್ಷವಿಡೀ ಪಲ್ಯ ಮಾಡುತ್ತಾರೆ. ಜೊತೆಗೆ ನಮ್ಮ ಉತ್ತರ ಕರ್ನಾಟಕದಂತೆಯೇ ಸಜ್ಜೆ ರೊಟ್ಟಿ. ಊಟದಂಗಡಿಯಲ್ಲಿ ಪನೀರ್ ಬದಲು ಕೇರ್ ಸಾಂಗರಿ ಕೇಳಿದರೆ ಮಕ್ಕಳು ಮರುಭೂಮಿಯ ರುಚಿಯನ್ನೇ ಉಂಡಂತಾಗುತ್ತದೆ.

ಹನಿಹನಿಯ ಲೆಕ್ಕ

ಜೈಸಲ್ಮೇರಿನಲ್ಲಿ ಮೊದಲು ನೋಡಬೇಕಾದ್ದು ಗಡೀಸರ್ ಕೆರೆ. ಹದಿನಾಲ್ಕನೆಯ ಶತಮಾನದಲ್ಲಿ ರಾವಲ್ ಗಡಸಿಯ ಕಾಲದಲ್ಲಿ ರೂಪುಗೊಂಡ ಈ ಕೆರೆ ಇಪ್ಪತ್ತನೆಯ ಶತಮಾನದ ಮಧ್ಯದವರೆಗೂ ಇಡೀ ಊರಿಗೆ ಕುಡಿಯುವ ನೀರು ಕೊಟ್ಟಿತು. ಹೆಂಗಸರು ಇಲ್ಲಿಂದ ಕೊಡ ಹೊತ್ತು ಕೋಟೆಯ ಏರು ಹತ್ತುತ್ತಿದ್ದರು.

ಊರಿನಿಂದ ಸುಮಾರು 18 ಕಿಲೋಮೀಟರ್ ದೂರದಲ್ಲಿ ಕುಲಧರಾ ಎಂಬ ಪಾಳು ಹಳ್ಳಿ ಇದೆ. ದುಷ್ಟ ದಿವಾನನ ಕಾಟಕ್ಕೆ ಬೇಸತ್ತು ಪಾಲೀವಾಲ ಬ್ರಾಹ್ಮಣರು ಒಂದೇ ರಾತ್ರಿಯಲ್ಲಿ ಊರು ಬಿಟ್ಟರೆಂದೂ, ಅವರ ಶಾಪದಿಂದ ಅಲ್ಲಿ ಯಾರೂ ನೆಲೆಸಲಾರರೆಂದೂ ಕಥೆ. ಮಾರ್ಗದರ್ಶಿಗಳು ಅದನ್ನು ದೆವ್ವದ ಊರೆಂದು ಪರಿಚಯಿಸುತ್ತಾರೆ. ನೀರಿನ ಸೆಲೆ ಬತ್ತಿದ್ದೂ ಜನ ಕ್ರಮೇಣ ಚದುರಲು ಕಾರಣವಿರಬೇಕೆಂಬುದು ವಿದ್ವಾಂಸರ ಅಭಿಪ್ರಾಯ. ದೆವ್ವದ ಕಥೆಗಿಂತ ಸ್ವಾರಸ್ಯವಾದದ್ದು ಪಾಲೀವಾಲರ ಬೇಸಾಯ. ಕಲ್ಲುಬಯಲಿನ ಇಳಿಜಾರಿನ ಕೆಳತುದಿಯಲ್ಲಿ ಅವರು ಉದ್ದನೆಯ ಮಣ್ಣಿನ ಒಡ್ಡು ಹಾಕುತ್ತಿದ್ದರು. ಮಳೆಗಾಲದ ಒಂದೆರಡು ಮಳೆಯ ನೀರೆಲ್ಲ ಹರಿದು ಬಂದು ಅಲ್ಲಿ ನಿಂತು, ಮಣ್ಣಿಗೆ ಇಂಗುತ್ತಿತ್ತು. ಆ ತೇವದಲ್ಲೇ ಚಳಿಗಾಲದಲ್ಲಿ ಗೋಧಿ, ಕಡಲೆ ಬೆಳೆಯುತ್ತಿದ್ದರು. ಈ ಪದ್ಧತಿಗೆ ಖಡೀನ್ ಎಂದು ಹೆಸರು. ವಿಜಯಪುರದ ಎರೆಮಣ್ಣಿನಲ್ಲಿ ಹಿಡಿದಿಟ್ಟ ತೇವದಿಂದಲೇ ಹಿಂಗಾರಿ ಬಿಳಿಜೋಳ ಬೆಳೆಯುವುದನ್ನು ಬಲ್ಲವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಈಗಲೂ ಬಳಕೆಯಲ್ಲಿರುವ ಖಡೀನ್‌ಗಳು ಜೈಸಲ್ಮೇರ್ ಸುತ್ತ ಇವೆ. ಡಿಸೆಂಬರಿನಲ್ಲಿ ಹೋದರೆ ಮರುಭೂಮಿಯ ನಡುವೆ ಹಸುರು ಪೈರು ನೋಡಲು ಸಿಗುತ್ತದೆ.

ಇನ್ನೂ ಸೂಕ್ಷ್ಮವಾದದ್ದು ಕುಈ ಎಂಬ ಕಿರುಬಾವಿ. ಕೆಲವೆಡೆ ಮರಳಿನ ಅಡಿಯಲ್ಲಿ ಜಿಪ್ಸಮ್ ಪದರ ಹಾಸಿಕೊಂಡಿದೆ. ಬಿದ್ದ ಮಳೆನೀರು ಅದರ ಕೆಳಗಿನ ಉಪ್ಪುನೀರಿಗೆ ಸೇರದೆ ಮರಳಿನಲ್ಲೇ ತೇವವಾಗಿ ಉಳಿಯುತ್ತದೆ. ಆ ಪದರದವರೆಗೆ ಕಿರಿದಾದ ಬಾವಿ ತೋಡಿದರೆ ಸುತ್ತಲ ತೇವ ಹನಿಹನಿಯಾಗಿ ಜಿನುಗಿ ದಿನಕ್ಕೆ ಕೆಲವು ಕೊಡ ಸಿಹಿನೀರು ಕೊಡುತ್ತದೆ. ಅನುಪಮ್ ಮಿಶ್ರ ಅವರು 1995ರಲ್ಲಿ ಹಿಂದಿಯಲ್ಲಿ ಬರೆದ ‘ರಾಜಸ್ಥಾನ್ ಕೀ ರಜತ್ ಬೂಂದೇಂ’ ಪುಸ್ತಕ ಈ ಜಾಣ್ಮೆಯನ್ನು ವಿವರವಾಗಿ ದಾಖಲಿಸಿದೆ.

ಕೋಟೆಗೆ ನೀರೇ ಶತ್ರು

1156ರಲ್ಲಿ ರಾವಲ್ ಜೈಸಲ್ ಕಟ್ಟಿಸಿದ ಹಳದಿ ಕಲ್ಲಿನ ಕೋಟೆಗೆ 99 ಬುರುಜುಗಳು. ಸತ್ಯಜಿತ್ ರಾಯ್ ಅವರ 1974ರ ‘ಸೋನಾರ್ ಕೆಲ್ಲಾ’ ಚಿತ್ರ ಇದನ್ನು ಬಂಗಾಳಿಗಳ ಮನೆಮಾತಾಗಿಸಿತು. 2013ರಲ್ಲಿ ರಾಜಸ್ಥಾನದ ಇನ್ನೂ ಐದು ಗಿರಿದುರ್ಗಗಳೊಂದಿಗೆ ಯುನೆಸ್ಕೋ ಪಟ್ಟಿ ಸೇರಿದ ಈ ಕೋಟೆಯೊಳಗೆ ಇಂದಿಗೂ ಜನ ವಾಸವಾಗಿದ್ದಾರೆ.

ಕೊಡದಲ್ಲಿ ನೀರು ಹೊತ್ತು ತರುತ್ತಿದ್ದಾಗ ಯಾರೂ ಹನಿ ಚೆಲ್ಲುತ್ತಿರಲಿಲ್ಲ. ನಲ್ಲಿ ಬಂತು, ಪ್ರವಾಸಿಗರು ಹೆಚ್ಚಿದರು, ಹಳೆಯ ಮನೆಗಳು ಹೋಟೆಲುಗಳಾದವು. ಒಂದೆರಡು ಕೊಡ ನೀರಿಗೆ ತಕ್ಕಂತೆ ಇದ್ದ ಚರಂಡಿಗಳು ಸ್ನಾನದ ಮನೆ, ಶೌಚಾಲಯಗಳ ನೀರನ್ನು ತಾಳಲಾರದೆ ಹೋದವು. ಸೋರಿದ ನೀರು ಕೋಟೆಯ ಅಡಿಯ ಮೆದು ಪದರಗಳಿಗೆ ಇಳಿದು ಬುಡವನ್ನೇ ಸಡಿಲಿಸಿತು. ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಸಂಸ್ಥೆ 1996ರಲ್ಲೇ ಇದನ್ನು ಅಪಾಯದಲ್ಲಿರುವ ಸ್ಮಾರಕಗಳ ಪಟ್ಟಿಗೆ ಸೇರಿಸಿತು. ಚರಂಡಿ ದುರಸ್ತಿ ನಡೆದಿದೆ. ಆದರೂ 2024ರ ಆಗಸ್ಟ್‌ನ ಮಳೆಗೆ ಗೋಡೆಯ ಒಂದು ಭಾಗ ಉರುಳಿತು. ಶತ್ರುಗಳ ದಾಳಿಗಳನ್ನು ತಡೆದ ಕೋಟೆಯನ್ನು ಅತಿಥಿಗಳ ಸ್ನಾನದ ನೀರು ಅಲುಗಿಸುತ್ತಿದೆ. ಕೋಟೆಯನ್ನು ಮನಸಾರೆ ನೋಡಿ, ಒಳಗಿನ ಅಂಗಡಿಗಳಲ್ಲಿ ಕೊಂಡು ತಿಂದು, ರಾತ್ರಿ ತಂಗಲು ಮಾತ್ರ ಕೆಳಗಿನ ಊರನ್ನು ಆರಿಸಿಕೊಳ್ಳುವುದು ನಾವು ಮಾಡಬಹುದಾದ ಸಣ್ಣ ಉಪಕಾರ.

ಮರಳಿನಲ್ಲಿ ಒಂದು ರಾತ್ರಿ

ದಿಬ್ಬಗಳಿಗೆ ಹೆಚ್ಚಿನವರು ಹೋಗುವುದು ಸಮ್ ಎಂಬಲ್ಲಿಗೆ. ವರ್ಷಾಂತ್ಯದಲ್ಲಿ ಅಲ್ಲಿ ಡೇರೆಗಳ ಸಂತೆ, ಧ್ವನಿವರ್ಧಕಗಳ ಅಬ್ಬರ. ತೆನ್ನೈಋತ್ಯ ದಿಕ್ಕಿನ ಖೂಡಿ ಹಳ್ಳಿಯ ದಿಬ್ಬಗಳು ಚಿಕ್ಕವು, ಆದರೆ ಶಾಂತ. ಹೊರಡುವ ಮುನ್ನ ಪಂಚಾಂಗ ನೋಡಿಕೊಳ್ಳುವುದು ಒಳ್ಳೆಯದು. ಹುಣ್ಣಿಮೆಯ ಆಸುಪಾಸು ಮರಳು ಬೆಳ್ಳಗೆ ಹೊಳೆಯುತ್ತದೆ. ಅಮಾವಾಸ್ಯೆಯ ಬಳಿ ಆಕಾಶದ ತುಂಬ ನಕ್ಷತ್ರ.

ಧ್ವನಿಮುದ್ರಿಕೆಯ ಕುಣಿತದ ಬದಲು ಮಾಂಗಣಿಯಾರ್ ಹಾಡುಗಾರರು ಸಿಗುವರೇ ಎಂದು ಡೇರೆಯವರನ್ನು ಮೊದಲೇ ಕೇಳಬೇಕು. ಇವರು ಮುಸಲ್ಮಾನರು, ಇವರಿಗೆ ತಲೆತಲಾಂತರದಿಂದ ಆಶ್ರಯ ಕೊಟ್ಟವರಲ್ಲಿ ರಜಪೂತರೇ ಬಹಳ. ಕಮಾಯಚಾ ಎಂಬ ಕಮಾನುವಾದ್ಯ, ಖಡತಾಲ್ ಎಂಬ ಮರದ ತಾಳಗಳೊಂದಿಗೆ ಇವರು ಹಿಂದೂ ಮನೆಗಳ ಹುಟ್ಟು, ಮದುವೆಗಳಿಗೆ ಹಾಡುತ್ತ ಬಂದಿದ್ದಾರೆ. ಕೇಳುವವರಿದ್ದರೆ ಹಾಡು ಉಳಿಯುತ್ತದೆ. ಒಂಟೆಯ ಮಾತೂ ಹೀಗೆಯೇ. ಜಾನುವಾರು ಗಣತಿಯ ಪ್ರಕಾರ ರಾಜಸ್ಥಾನದಲ್ಲಿ 2012ರಲ್ಲಿ ಸುಮಾರು 3.26 ಲಕ್ಷ ಇದ್ದ ಒಂಟೆಗಳು 2019ಕ್ಕೆ 2.13 ಲಕ್ಷಕ್ಕೆ ಇಳಿದವು. ಎಂಜಿನ್ ಗದ್ದಲದ ಜೀಪು ಬಿಟ್ಟು ಒಂಟೆ ಹತ್ತಿದರೆ ಅದನ್ನು ಸಾಕಿದವನಿಗೂ ಒಂದು ದಿನದ ದುಡಿಮೆ.

ಹಿಂದಿರುಗುವ ದಿನ ಬಾಡಮೇರ್ ರಸ್ತೆಯ ಆಕಲ್ ಎಂಬಲ್ಲಿ ಅರ್ಧ ಗಂಟೆ ನಿಲ್ಲಬಹುದು. ಸುಮಾರು 18 ಕೋಟಿ ವರ್ಷಗಳ ಹಿಂದಿನ ಮರದ ಕಾಂಡಗಳು ಅಲ್ಲಿ ಕಲ್ಲಾಗಿ ಮಲಗಿವೆ. ಅಂದರೆ ಈ ಬೋಳು ನೆಲ ಒಂದು ಕಾಲಕ್ಕೆ ಕಾಡಾಗಿತ್ತು. ನೆಲದ ಸ್ಥಿತಿ ಬದಲಾಗುತ್ತದೆ, ಮಳೆಯೂ ಬದಲಾಗುತ್ತದೆ. ಇದ್ದಷ್ಟು ನೀರಿನಲ್ಲಿ ಬಾಳುವುದನ್ನು ಕಲಿತವರು ಉಳಿಯುತ್ತಾರೆ. ಬೇಸಿಗೆ ಬಂತೆಂದರೆ ಟ್ಯಾಂಕರಿಗೆ ಕಾಯುವ ನಮ್ಮ ನಗರಗಳ ಮಕ್ಕಳು ಇದನ್ನು ಕಣ್ಣಾರೆ ಕಂಡು ಬರಲಿ. ಮುಂದಿನ ದಸರೆಯಲ್ಲಿ ಬನ್ನಿ ಎಲೆಯನ್ನು ಹಿರಿಯರ ಕೈಗಿಟ್ಟು ನಮಸ್ಕರಿಸುವಾಗ, ಅದು ಯಾವ ನಾಡಿನಲ್ಲಿ ಎಷ್ಟು ಜೀವಗಳನ್ನು ಸಾಕಿದ ಮರವೆಂಬುದು ಅವರಿಗೆ ಗೊತ್ತಿರುತ್ತದೆ.