ಗಣಕಯಂತ್ರವೂ ಕಾಲಗಣನೆಯೂ

ಭೂಮಿಯು ಸೂರ್ಯನನ್ನು ಒಂದು ಸುತ್ತು ಬರಲು ಸುಮಾರು 365 ದಿನ 6 ಗಂಟೆಗಳು ಬೇಕು. ಈ ಹೆಚ್ಚಿನ ಗಂಟೆಗಳನ್ನು ಸರಿದೂಗಿಸಲೆಂದು ಸಾಮಾನ್ಯವಾಗಿ ನಾಲ್ಕು ವರ್ಷಗಳಿಗೊಮ್ಮೆ ಫೆಬ್ರವರಿ ತಿಂಗಳಿಗೆ ಒಂದು ದಿನವನ್ನು ಸೇರಿಸಲಾಗುತ್ತದೆ. ಮನುಷ್ಯನು ಮಾಡಿಕೊಂಡ ಈ ಏರ್ಪಾಡನ್ನು ಮಕ್ಕಳು ಶಾಲೆಯಲ್ಲಿಯೇ ಕಲಿಯುತ್ತಾರೆ. ಯಂತ್ರಕ್ಕೂ ಅದನ್ನು ಯಾರಾದರೂ ಕಲಿಸಬೇಕು. ಕಲಿಸಲು ಮರೆತರೆ ಏನಾಗುವುದೆಂಬುದನ್ನು ನ್ಯೂಜಿಲೆಂಡಿನ ಒಂದು ಘಟನೆ ತೋರಿಸಿಕೊಟ್ಟಿತು.

ಆ ದೇಶದ ದಕ್ಷಿಣ ತೀರದಲ್ಲಿರುವ ಟಿವಾಯ್ ಪಾಯಿಂಟ್ ಎಂಬಲ್ಲಿ ಒಂದು ಅಲ್ಯೂಮಿನಿಯಂ ಕಾರ್ಖಾನೆಯಿದೆ. ಅಲ್ಯೂಮಿನಿಯಂ ತಯಾರಿಸುವಾಗ, ದೊಡ್ಡ ತೊಟ್ಟಿಗಳಲ್ಲಿ ಸುಮಾರು 960 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ದ್ರವದ ಮೂಲಕ ವಿದ್ಯುತ್ತನ್ನು ಹರಿಸಿ ಲೋಹವನ್ನು ಬೇರ್ಪಡಿಸುತ್ತಾರೆ. ಈ ಕಾರ್ಯವನ್ನು ಹತೋಟಿಯಲ್ಲಿಡುವುದು ಗಣಕಯಂತ್ರಗಳ ಹೊಣೆಯಾಗಿತ್ತು. 1996 ಅಧಿಕ ವರ್ಷ. ಆದುದರಿಂದ ಅದರ ಕೊನೆಯ ದಿನವು 366ನೆಯದು. ತಂತ್ರಾಂಶವನ್ನು ಬರೆದವರು ಆ ದಿನವನ್ನು ಎಣಿಕೆಗೆ ತೆಗೆದುಕೊಂಡಿರಲಿಲ್ಲ. ಡಿಸೆಂಬರ್ 31ರ ಮಧ್ಯರಾತ್ರಿ ಆ ಗಣಕಯಂತ್ರಗಳೆಲ್ಲವೂ ಒಮ್ಮೆಗೇ ಸ್ತಬ್ಧವಾದವು. ಎರಡು ಗಂಟೆಗಳ ತರುವಾಯ, ಆಸ್ಟ್ರೇಲಿಯದ ಟಾಸ್ಮೇನಿಯದಲ್ಲಿ ಮಧ್ಯರಾತ್ರಿಯಾದಾಗ, ಅದೇ ತಂತ್ರಾಂಶವನ್ನು ಬಳಸುತ್ತಿದ್ದ ಬೆಲ್ ಬೇ ಕಾರ್ಖಾನೆಯಲ್ಲಿಯೂ ಹೀಗೆಯೇ ಆಯಿತು. ಟಿವಾಯ್ ಪಾಯಿಂಟಿನಲ್ಲಿ ಹತೋಟಿ ತಪ್ಪಿದ ಐದು ತೊಟ್ಟಿಗಳು ಅತಿಯಾಗಿ ಕಾದು ಹಾಳಾದವು. ನಷ್ಟವು ಹತ್ತು ಲಕ್ಷ ಡಾಲರುಗಳನ್ನು ಮೀರಿತು. ಎಲ್ಲಕ್ಕೂ ಕಾರಣ ಲೆಕ್ಕಕ್ಕೆ ಬಾರದ ಒಂದೇ ಒಂದು ದಿನ!

ಇದಕ್ಕಿಂತ ವ್ಯಾಪಕವಾದ ಅಪಾಯವು 2000ನೆಯ ಇಸವಿಯೊಡನೆ ಬಂದಿತು. ಹಿಂದೆ ಗಣಕಯಂತ್ರದ ಸ್ಮೃತಿಕೋಶ ಬಲು ದುಬಾರಿಯಾಗಿತ್ತು. ಸ್ಥಳವನ್ನು ಉಳಿಸಲೆಂದು 1975 ಎಂಬುದನ್ನು ಕೇವಲ 75 ಎಂದು ಬರೆಯುತ್ತಿದ್ದರು. ಹೀಗಿರಲು 00 ಎಂದರೆ 2000 ಎಂದು ತಿಳಿಯಬೇಕೋ, 1900 ಎಂದೋ? ಈ ಗೊಂದಲವನ್ನು ನಿವಾರಿಸಲು ಜಗತ್ತಿನಾದ್ಯಂತ ತಜ್ಞರು ವರ್ಷಗಟ್ಟಲೆ ದುಡಿದರು. ಬೆಂಗಳೂರಿನ ತಂತ್ರಜ್ಞರೂ ಈ ಕಾರ್ಯದಲ್ಲಿ ಪಾಲುಗೊಂಡರು. ಹೊಸ ವರ್ಷವು ದೊಡ್ಡ ಅನಾಹುತವಿಲ್ಲದೆ ಕಳೆಯಿತು. ಭಯವೇ ಸುಳ್ಳಾಗಿತ್ತೆಂದು ಕೆಲವರು ನಕ್ಕರು. ಆದರೆ ಮಳೆಗಾಲಕ್ಕೆ ಮೊದಲೇ ಕೆರೆಯ ಏರಿಯನ್ನು ಭದ್ರಪಡಿಸಿದವರ ಶ್ರಮವು ಕಣ್ಣಿಗೆ ಕಾಣುವುದಿಲ್ಲ.

ಇಂಥ ಮತ್ತೊಂದು ದಿನ ಮುಂದಿದೆ. ಅನೇಕ ಗಣಕಯಂತ್ರಗಳು 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳನ್ನು ಎಣಿಸಿ ಕಾಲವನ್ನು ತಿಳಿಯುತ್ತವೆ. ಹಳೆಯ ಪದ್ಧತಿಯಲ್ಲಿ ಈ ಎಣಿಕೆಗೆ 2,14,74,83,647 ಎಂಬುದೇ ಮಿತಿ. ಭಾರತೀಯ ಕಾಲಮಾನದಂತೆ 2038ರ ಜನವರಿ 19ರ ಬೆಳಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಆ ಮಿತಿ ತಲಪುತ್ತದೆ. ಮರುಕ್ಷಣವೇ ಎಣಿಕೆಯು ಋಣಸಂಖ್ಯೆಯಾಗಿ, ಯಂತ್ರವು 1901ನೆಯ ಇಸವಿಗೆ ಹಿಂದಿರುಗಿದಂತೆ ವರ್ತಿಸಬಹುದು. ಹೊಸ ಗಣಕಯಂತ್ರಗಳಲ್ಲಿ ಈ ದೋಷವನ್ನು ಬಹುಮಟ್ಟಿಗೆ ತಿದ್ದಲಾಗಿದೆ. ಆದರೆ ಕಾರ್ಖಾನೆಯ ಯಂತ್ರಗಳ ಒಳಗೆ ಅಡಗಿ, ದಶಕಗಳ ಕಾಲ ದುಡಿಯುವ ಪುಟ್ಟ ಗಣಕಗಳನ್ನು ಹುಡುಕಿ ತಿದ್ದುವುದು ಸುಲಭವಲ್ಲ.

ಯಂತ್ರವು ತನಗೆ ಕಲಿಸಿದಷ್ಟನ್ನು ಮಾತ್ರ ಬಲ್ಲದು. ಮುಂದಾಲೋಚನೆ ಮನುಷ್ಯನದೇ ಹೊಣೆ. ಬೆಂಕಿ ಬಿದ್ದಾಗ ಬಾವಿ ತೋಡುವುದು ಜಾಣತನವಲ್ಲ. ವಿಪತ್ತಿನ ದಿನವೂ ಗಳಿಗೆಯೂ ಮೊದಲೇ ತಿಳಿದಿರುವಾಗಲಂತೂ ಅದಕ್ಕೆ ಕ್ಷಮೆಯೇ ಇಲ್ಲ.