ಆಕ್ಸಿಮೀಟರ್ 98 ಎಂದರೂ ಮಾಸ್ಕ್ ಏಕೆ?

ಪ್ರಶ್ನೆ: ಪ್ಯಾರಾಮೆಡಿಕ್ ಪರೀಕ್ಷೆಗೆ ಓದುತ್ತಿದ್ದೇನೆ. ಹೊಗೆಯಲ್ಲಿ ಸಿಲುಕಿದವರಿಗೆ ಆಕ್ಸಿಮೀಟರ್ 98 ತೋರಿಸಿದರೂ ಆಮ್ಲಜನಕ ಕೊಡಬೇಕಂತೆ, ಏಕೆ?

ಉತ್ತರ: ಆ ಅಂಕಿಯನ್ನು ಅಲ್ಲಿ ನಂಬುವಂತಿಲ್ಲ. ಬೆರಳಿಗೆ ಸಿಕ್ಕಿಸುವ ಕ್ಲಿಪ್ಪು ಕೆಂಪು ಮತ್ತು ಅವಕೆಂಪು ಬೆಳಕು ಹಾಯಿಸಿ, ರಕ್ತ ಎಷ್ಟನ್ನು ಹೀರಿತೆಂದು ನೋಡಿ ಲೆಕ್ಕ ಹಾಕುತ್ತದೆ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಹಿಡಿದ ಹಿಮೋಗ್ಲೋಬಿನ್ ಕೆಂಪು ಬೆಳಕಿಗೆ ಆಮ್ಲಜನಕ ಹೊತ್ತದ್ದರಂತೆಯೇ ಕಾಣುವುದರಿಂದ ಎರಡನ್ನೂ ಒಂದೇ ಖಾತೆಗೆ ಬರೆದುಬಿಡುತ್ತದೆ. ಈ ಅನಿಲ ಹಿಮೋಗ್ಲೋಬಿನ್‌ಗೆ ಅಂಟುವ ಬಿಗಿ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು. ಬರಿ ಗಾಳಿಯಲ್ಲಿ ಅದರ ಅರ್ಧ ಪಾಲು ಇಳಿಯಲು 4–5 ಗಂಟೆ ಬೇಕು. ಮಾಸ್ಕಿನಲ್ಲಿ ಧಾರಾಳ ಆಮ್ಲಜನಕ ಕೊಟ್ಟರೆ ಸುಮಾರು ಒಂದೂವರೆ ಗಂಟೆ. ಚೆರ್ರಿ ಕೆಂಪು ಚರ್ಮಕ್ಕೆ ಕಾಯಬೇಡಿ. ಪಠ್ಯಪುಸ್ತಕಗಳಿಗೆ ಬಲು ಪ್ರಿಯವಾದ ಆ ಲಕ್ಷಣ ಬದುಕಿರುವವರಲ್ಲಿ ಅಪರೂಪ. ಮುಚ್ಚಿದ ಕೋಣೆ, ಇದ್ದಿಲ ಒಲೆ, ತಲೆನೋವು, ವಾಂತಿ, ಮಂಕು ಇಷ್ಟಿದ್ದರೆ ಅನುಮಾನಿಸಲು ಸಾಕು.