ಕುರ್ಚಿ ಅವ್ವಂದು, ಫೋನು ಯಾರದು? ಪಂಚಾಯಿತಿ ನಾಯಕಿಯರಿಗೆ ಎಐ ಏನು ಕಲಿಸಬಹುದು



ನಾಯಕತ್ವ ತರಬೇತಿ ಅಂದ ಕೂಡಲೇ ನಮಗೆ ಬೆಂಗಳೂರಿನ ಯಾವುದೋ ಹೋಟೆಲ್ ಹಾಲ್, ಪ್ರೊಜೆಕ್ಟರ್, ಕೋಟು ಹಾಕಿದ ಟ್ರೇನರ್ ನೆನಪಾಗ್ತಾರೆ. ಮುಂದೆ ಇದನ್ನೆಲ್ಲ ಎಐ ಮಾಡುತ್ತೆ ಅನ್ನೋ ಮಾತೂ ಕೇಳಿರ್ತೀರಿ. ಆದರೆ ನಮ್ಮ ರಾಜ್ಯದಲ್ಲಿ ಅತಿ ಹೆಚ್ಚು ಹೊಸ ನಾಯಕರು ತಯಾರಾಗೋದು ಕಂಪನಿಗಳಲ್ಲಲ್ಲ, ಪಂಚಾಯಿತಿಗಳಲ್ಲಿ. ಅದಕ್ಕೇ ಇವತ್ತು ಮನಗೂಳಿ ಕಡೆ ಹೋಗೋಣ.

ವಿಜಯಪುರದಿಂದ ಆಲಮಟ್ಟಿ ಕಡೆ ಹೊರಟರೆ ಸಿಗುವ ಊರು ಮನಗೂಳಿ. ಬಸವನ ಬಾಗೇವಾಡಿ ತಾಲ್ಲೂಕು. ಮನಗೂಳಿ ಈಗ ಪಟ್ಟಣ ಪಂಚಾಯಿತಿ. ಸುತ್ತಲಿನ ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಗಳಿವೆ. ಈ ಭಾಗದ್ದೇ ಅಂತಲ್ಲ, ರಾಜ್ಯದ ಯಾವ ಮೂಲೆಯಲ್ಲಾದರೂ ನಡೆಯಬಹುದಾದ ಒಂದು ದೃಶ್ಯ ಊಹಿಸಿಕೊಳ್ಳಿ.

ಪಂಚಾಯಿತಿ ಕಚೇರಿ. ಅಧ್ಯಕ್ಷರ ಬೋರ್ಡಿನ ಮೇಲೆ ಒಬ್ಬ ಹೆಣ್ಣುಮಗಳ ಹೆಸರು. ಕುರ್ಚಿಯಲ್ಲೂ ಅವರೇ ಕೂತಿದ್ದಾರೆ. ಒಳಗೆ ಬಂದವರು ಆಚೆ ಈಚೆ ನೋಡಿ ಕೇಳ್ತಾರೆ: 'ಯಜಮಾನ್ರು ಎಲ್ಲಿ ಅದಾರ್ರಿ? ಅವರ್ನ ಕರೀರಿ, ಸ್ವಲ್ಪ ಕೆಲಸ ಇತ್ತು.'

ಹೆಸರು ಅವರದು, ಸಹಿ ಅವರದು, ಮಾತು ಮಾತ್ರ ಗಂಡನದು. ನಮ್ಮ ಇವತ್ತಿನ ಪ್ರಶ್ನೆ ಇಷ್ಟೇ: ಎಐ ಬಂದರೆ ಆ ಮಾತು ಅವರಿಗೆ ವಾಪಸ್ ಸಿಗುತ್ತಾ?

ಸೀಟು ಬಂತು, ಪಾಠ ತಡವಾಯ್ತು

ಸ್ವಲ್ಪ ಹಿನ್ನೆಲೆ. ಮಹಿಳಾ ಮೀಸಲಾತಿಯಲ್ಲಿ ಕರ್ನಾಟಕ ದೇಶಕ್ಕಿಂತ ಮುಂದಿತ್ತು. 1983ರ ಕಾಯ್ದೆಯಲ್ಲೇ ಮಹಿಳೆಯರಿಗೆ ಶೇ 25ರಷ್ಟು ಸ್ಥಾನ ಇತ್ತು. 1987ರಲ್ಲಿ ಚುನಾವಣೆ ನಡೀತು. ಇದರ ಹಿಂದಿದ್ದವರು ಸಚಿವ ಅಬ್ದುಲ್ ನಜೀರ್ ಸಾಬ್. ಹಳ್ಳಿಹಳ್ಳಿಗೆ ಬೋರ್‌ವೆಲ್ ಹಾಕಿಸಿದ್ದಕ್ಕೆ ಜನ ಅವರನ್ನ 'ನೀರ್ ಸಾಬ್' ಅಂತಲೇ ಕರೀತಿದ್ರು. ಸಂವಿಧಾನದ 73ನೇ ತಿದ್ದುಪಡಿ ದೇಶಕ್ಕೆಲ್ಲ ಕನಿಷ್ಠ ಮೂರನೇ ಒಂದು ಭಾಗ ತಂದಿತು. 2010ರಲ್ಲಿ ಕರ್ನಾಟಕ ಅದನ್ನ ಶೇ 50ಕ್ಕೆ ಏರಿಸಿತು.

ಇದರಿಂದ ಏನಾದರೂ ಬದಲಾಯ್ತಾ? ಆಯ್ತು. ಅರ್ಥಶಾಸ್ತ್ರಜ್ಞರಾದ ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೊ ಪಶ್ಚಿಮ ಬಂಗಾಳ ಮತ್ತು ರಾಜಸ್ಥಾನದ ಪಂಚಾಯಿತಿಗಳನ್ನ ಅಧ್ಯಯನ ಮಾಡಿ 2004ರಲ್ಲಿ ಪ್ರಕಟಿಸಿದರು. ಮಹಿಳೆಗೆ ಮೀಸಲಾದ ಪಂಚಾಯಿತಿಗಳಲ್ಲಿ ಕುಡಿಯುವ ನೀರಿಗೆ ಹೆಚ್ಚು ಹಣ ಹೋಗಿತ್ತು. ಕೊಡ ಹೊತ್ತವರಿಗೇ ಅದರ ಭಾರ ಗೊತ್ತು ನೋಡಿ.

ಆದರೆ ಕಲಿಯೋಕೆ ಸಮಯ ಕಡಿಮೆ. ಗ್ರಾಮ ಪಂಚಾಯಿತಿ ಅಧ್ಯಕ್ಷರ ಅವಧಿ 30 ತಿಂಗಳು. ಮೀಸಲಾತಿ ಸರದಿಯ ಮೇಲೆ ತಿರುಗುತ್ತೆ. ಠರಾವು ಅಂದ್ರೇನು, ಕ್ರಿಯಾಯೋಜನೆ ಅಂದ್ರೇನು, ಪಿಡಿಒ ಅಧಿಕಾರ ಎಲ್ಲಿವರೆಗೆ, ತಮ್ಮದು ಎಲ್ಲಿವರೆಗೆ — ಇದೆಲ್ಲ ತಿಳಿಯೋ ಹೊತ್ತಿಗೆ ಅರ್ಧ ಅವಧಿ ಮುಗಿದಿರುತ್ತೆ.

ತರಬೇತಿ ಇಲ್ಲ ಅಂತಲ್ಲ. ಮೈಸೂರಿನಲ್ಲಿ ನಜೀರ್ ಸಾಬ್ ಹೆಸರಲ್ಲೇ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ತರಬೇತಿ ಸಂಸ್ಥೆ ಇದೆ. ಅಲ್ಲಿಂದ ಉಪಗ್ರಹದ ಮೂಲಕ ಪಾಠ ಪ್ರಸಾರ ಮಾಡಿ, ದೂರದ ಕೇಂದ್ರಗಳಲ್ಲಿ ಕೂತ ಸದಸ್ಯರು ಫೋನಿನಲ್ಲಿ ಪ್ರಶ್ನೆ ಕೇಳುವ ವ್ಯವಸ್ಥೆಯನ್ನೂ ನಡೆಸಿದರು. ತೊಂದರೆ ಏನಂದ್ರೆ, ಪಾಠ ಒಂದು ದಿನ ಇರುತ್ತೆ. ಕಷ್ಟ ಬರೋದು ಇನ್ನೊಂದು ದಿನ, ಸಂಜೆ ಏಳಕ್ಕೆ, ಮನೆಯಲ್ಲಿ ರೊಟ್ಟಿ ಬಡೀತಿರುವಾಗ.

ಎಐ ಮಾತು ಎಲ್ಲಿಂದ ಬಂತು?

ಮಹಿಳೆಯರ ಬದಲು ಗಂಡಂದಿರು ಅಧಿಕಾರ ನಡೆಸುವ ವಿಷಯ 2023ರಲ್ಲಿ ಸುಪ್ರೀಂ ಕೋರ್ಟ್‌ ಮುಂದೆ ಬಂತು. ಅದಾದ ಮೇಲೆ ಕೇಂದ್ರ ಪಂಚಾಯತ್ ರಾಜ್ ಸಚಿವಾಲಯ, ನಿವೃತ್ತ ಕಾರ್ಯದರ್ಶಿ ಸುಶೀಲ್ ಕುಮಾರ್ ನೇತೃತ್ವದಲ್ಲಿ ಸಮಿತಿ ಮಾಡಿತು. ಸಮಿತಿ ವರದಿ 2025ರಲ್ಲಿ ಹೊರಬಂತು. ಹೆಂಡತಿ ಬದಲು ಗಂಡ ಅಧಿಕಾರ ನಡೆಸಿದ್ದು ಸಾಬೀತಾದರೆ ಕಠಿಣ ದಂಡ ಅನ್ನೋದು ಒಂದು ಶಿಫಾರಸು. ಅದರ ಜೊತೆಗೇ ಇನ್ನೆರಡು ಇದ್ದವು: ವರ್ಚುವಲ್ ರಿಯಾಲಿಟಿಯಲ್ಲಿ ಸಭೆ ನಡೆಸುವ ಅಭ್ಯಾಸ, ಮತ್ತು ಕಾನೂನು, ಆಡಳಿತದ ಪ್ರಶ್ನೆಗೆ ಸ್ಥಳೀಯ ಭಾಷೆಯಲ್ಲೇ ಆ ಕ್ಷಣಕ್ಕೆ ಉತ್ತರ ಕೊಡುವ ಎಐ ನೆರವು.

ಯಾಕೆ ಇದು ಮುಖ್ಯ? ಗಂಡನ ಬಲ ಬರೀ ದನಿಯಲ್ಲಿಲ್ಲ, ಮಾಹಿತಿಯಲ್ಲಿದೆ. 'ನಿನಗ ತಿಳಿಯಂಗಿಲ್ಲ, ಇಲ್ಲಿ ಸಹಿ ಮಾಡು' ಅನ್ನೋ ಮಾತು ನಿಂತಿರೋದೇ 'ತಿಳಿಯಂಗಿಲ್ಲ' ಅನ್ನೋದರ ಮೇಲೆ. ಇವತ್ತು ಸಭೆ ನೋಟಿಸಿನ ಫೋಟೊ ತೆಗೆದು 'ಇದರಲ್ಲಿ ಏನೈತಿ, ಸರಳವಾಗಿ ಹೇಳು' ಅಂದರೆ ಫೋನ್ ಹೇಳುತ್ತೆ. ಓದೋಕೆ ಕಷ್ಟ ಆದವರು ಕೇಳಿಸಿಕೊಳ್ಳಬಹುದು.

ಇನ್ನೊಂದು ಉಪಯೋಗ ಅಭ್ಯಾಸ. 'ನೀನು ಸಿಟ್ಟಿಗೆದ್ದ ಊರಿನವ. ನಮ್ಮ ಓಣಿಗೆ ಎಂಟು ದಿನದಿಂದ ನೀರು ಬಂದಿಲ್ಲ ಅಂತ ಜಗಳ ತಗಿ. ನಾ ಉತ್ತರ ಕೊಡ್ತೀನಿ' ಅಂತ ಹೇಳಿ ನೋಡಿ. ಅದು ಜಗಳ ತೆಗೆಯುತ್ತೆ. ತಪ್ಪಿದರೆ ನಗೋರಿಲ್ಲ. ಹತ್ತು ಸಲ ಮಾಡಬಹುದು. ಕಂಪನಿಗಳ ಮ್ಯಾನೇಜರ್‌ಗಳಿಗೂ ಈಗ ಎಐ ಹೀಗೇ ಅಭ್ಯಾಸ ಮಾಡಿಸ್ತಿದೆ.

ಯಂತ್ರ ಎಲ್ಲಿ ಎಡವುತ್ತೆ?

ಮೊದಲನೇದು, ಧೈರ್ಯವಾಗಿ ತಪ್ಪು ಹೇಳುತ್ತೆ. ಪಂಚಾಯಿತಿ ಕಾನೂನು ಪ್ರತಿ ರಾಜ್ಯಕ್ಕೂ ಬೇರೆ. ನಮ್ಮದು 1993ರ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ. ಎಐ ಇನ್ಯಾವುದೋ ರಾಜ್ಯದ ನಿಯಮವನ್ನ ನಮ್ಮದೇ ಅನ್ನೋ ಹಾಗೆ ಹೇಳಿಬಿಡಬಹುದು. ಹಾಗಾಗಿ ಅದು ಹೇಳಿದ ಪ್ರಕರಣದ ಸಂಖ್ಯೆಯನ್ನ ಕಾಯ್ದೆ ಪುಸ್ತಕದಲ್ಲಿ ನೋಡಬೇಕು, ಇಲ್ಲವೇ ಪಿಡಿಒಗೆ ಪತ್ರ ಬರೆದು ಕೇಳಬೇಕು. ಫಲಾನುಭವಿಗಳ ಪಟ್ಟಿ, ಆಧಾರ್ ಸಂಖ್ಯೆ ಅದರೊಳಗೆ ಹಾಕಲೇಬಾರದು.

ಎರಡನೇದು ಭಾಷೆ. ಪುಸ್ತಕದ ಕನ್ನಡ ಓದಿ ಬೆಳೆದ ಯಂತ್ರಕ್ಕೆ ನಮ್ಮ 'ಹೋಗಾಕತ್ತೀನಿ', 'ಬರಂಗಿಲ್ಲ' ತಡವರಿಸುವ ಮಾತು. ಇದನ್ನ ಸರಿ ಮಾಡೋ ಕೆಲಸ ನಡೀತಿದೆ. ಕೇಂದ್ರ ಸರ್ಕಾರದ ಭಾಷಿಣಿ 2022ರಿಂದ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ನೆರವಿನ 'ವಾಣಿ' ಯೋಜನೆಯಲ್ಲಿ ಜಿಲ್ಲೆ ಜಿಲ್ಲೆಯ ಜನರ ಮಾತನ್ನೇ ಸಂಗ್ರಹಿಸ್ತಿದೆ.

ಮೂರನೇದು ಎಲ್ಲಕ್ಕಿಂತ ದೊಡ್ಡದು. 2025ರ ಆಗಸ್ಟ್‌ನಲ್ಲಿ ಪಂಚಾಯತ್ ರಾಜ್ ಸಚಿವಾಲಯ 'ಸಭಾಸಾರ್' ಅನ್ನೋ ಎಐ ಸಾಧನ ತಂತು. ಗ್ರಾಮಸಭೆಯ ಆಡಿಯೊ, ವಿಡಿಯೊ ಕೊಟ್ಟರೆ ನಡಾವಳಿ ಬರೆದುಕೊಡುತ್ತೆ. ಒಳ್ಳೇದೇ. ಆದರೆ ಯಂತ್ರ ಕೇಳಿಸಿಕೊಂಡದ್ದನ್ನಷ್ಟೇ ಬರೆಯಬಲ್ಲದು. ಅಧ್ಯಕ್ಷೆ ಬಾಯಿಬಿಡದಿದ್ದರೆ ಅವರ ಅಭಿಪ್ರಾಯ ಅದಕ್ಕೆ ಹೇಗೆ ಗೊತ್ತಾಗಬೇಕು? ಎದ್ದು ನಿಂತು 'ಇದು ಆಗಂಗಿಲ್ಲ, ಮೊದಲು ನೀರಿನ ಕೆಲಸ' ಅನ್ನೋದನ್ನ ಯಾವ ಆ್ಯಪ್ ಕೂಡ ಅವರ ಪರವಾಗಿ ಮಾಡಲ್ಲ.

ಈಗ ನಿಮ್ಮ ಕಡೆ ತಿರುಗೋಣ

ನಿಮ್ಮ ಅವ್ವ, ಚಿಗವ್ವ, ಅತ್ತಿಗೆ ಮೆಂಬರ್ ಆಗಿರಬಹುದು. ಮನೆಯಲ್ಲಿ ಸ್ಮಾರ್ಟ್‌ಫೋನ್ ಚೆನ್ನಾಗಿ ಗೊತ್ತಿರೋದು ನಿಮಗೆ. ಪಂಚಾಯಿತಿ ಹಣ ಹೊರಗೆ ಹೋಗಬೇಕಾದರೆ ಅಧ್ಯಕ್ಷರು ಮತ್ತು ಪಿಡಿಒ ಇಬ್ಬರ ಸಹಿ ಬೇಕು. ಈಗ ಅದು ಡಿಜಿಟಲ್ ಸಹಿ: ಪೆನ್‌ಡ್ರೈವ್‌ನಂಥ ಒಂದು ಕೀ, ಅದಕ್ಕೊಂದು ಪಾಸ್‌ವರ್ಡ್. ಆ ಕೀ ಯಾರ ಜೇಬಲ್ಲಿದೆ? ಓಟಿಪಿ ಯಾರ ಫೋನಿಗೆ ಬರುತ್ತೆ? ನಾಳೆ ಲೆಕ್ಕ ಹೆಚ್ಚುಕಡಿಮೆ ಆದರೆ ನೋಟಿಸ್ ಬರೋದು ಜೇಬಿನವರಿಗಲ್ಲ, ಹೆಸರಿನವರಿಗೆ.

ಅಪ್ಪ ಮಾತಾಡೋ ಜಾಗದಲ್ಲಿ ಮಗ ಎಐ ಹಿಡ್ಕೊಂಡು ಮಾತಾಡಿದರೆ ಯಜಮಾನ ಬದಲಾದ ಅಷ್ಟೇ. ಹಾಗಾಗಿ ಒಂದು ಕೆಲಸ ಮಾಡಿ. ಪ್ರಶ್ನೆ ನೀವು ಟೈಪ್ ಮಾಡಬೇಡಿ. ಫೋನ್ ಅವ್ವನ ಕೈಗೆ ಕೊಟ್ಟು ಮೈಕ್ ಒತ್ತೋದು ಕಲಿಸಿ. ಅವರ ಮಾತಲ್ಲೇ ಅವರು ಕೇಳಲಿ. ಬಂದ ಉತ್ತರ ಸರೀನಾ ಅಂತ ಇಬ್ಬರೂ ಕೂತು ನೋಡಿ. ಆಮೇಲೆ ಸಭೆಗೆ ಅವರನ್ನ ಬಿಟ್ಟು ನೀವು ಹೊರಗೆ ನಿಲ್ಲಿ.

ಕೊನೇ ಮಾತು. ಮನಗೂಳಿಯಲ್ಲಿ ಕಳಚುರಿ ಬಿಜ್ಜಳನ ಕಾಲದ, ಅಂದರೆ 12ನೇ ಶತಮಾನದ ಶಾಸನ ಸಿಕ್ಕಿದೆ, ವಿದ್ವಾಂಸ ಜೆ.ಎಫ್. ಫ್ಲೀಟ್ ಅದನ್ನ ಓದಿ ಪ್ರಕಟಿಸಿದ್ದಾರೆ. ಆ ಕಾಲದ ದಾನಶಾಸನಗಳು ಒಂದು ಲೆಕ್ಕಕ್ಕೆ ಸಭೆಯ ನಡಾವಳಿಗಳೇ. ಕೊಟ್ಟವರು ಯಾರು, ಯಾರ ಆಳ್ವಿಕೆಯಲ್ಲಿ ಕೊಟ್ಟರು ಅಂತ ಹೆಸರು ಹಿಡಿದು ಕೆತ್ತಿದ್ದಾರೆ. ಕಲ್ಲಿರಲಿ, ಎಐ ಇರಲಿ, ಬರೆಯೋದು ಸುಲಭ. ಅದರಲ್ಲಿ ಬರುವ ಹೆಸರು ನಿಜವಾಗಿ ನಿರ್ಧಾರ ಮಾಡಿದವರದ್ದೇ ಆಗಬೇಕು. ನಾಯಕತ್ವ ತರಬೇತಿ ಯಾವ ರೂಪದಲ್ಲಿ ಬಂದರೂ ಪರೀಕ್ಷೆ ಅದೊಂದೇ.

ನಿಮ್ಮೂರ ಮುಂದಿನ ಗ್ರಾಮಸಭೆ ಅಥವಾ ವಾರ್ಡ್ ಸಭೆಗೆ ಹೋಗಿ ಬನ್ನಿ. ಯಾರು ಮಾತಾಡಿದ್ರು, ಯಾರು ಸುಮ್ನೆ ಕೂತಿದ್ರು ಅಂತ ನೋಡಿ.